85 ಎಂಎಂ ಇಲ್ಲದೆ ಪೋರ್ಟ್ರೇಟ್ ಆಗುವುದಿಲ್ಲವೇ? ಮೊದಲು ಜಗಲಿ ಅಳೆಯಿರಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ನನ್ನ ಬಳಿ ಕ್ಯಾನನ್ 200ಡಿ ಮಾರ್ಕ್ 2 ಕ್ಯಾಮೆರಾ, ಅದರ ಜೊತೆಗೇ ಬಂದ 18–55 ಮತ್ತು 55–250 ಲೆನ್ಸ್‌ಗಳಿವೆ. ನಾಮಕರಣ, ಗೃಹಪ್ರವೇಶಕ್ಕೆ ಕರೆಯುತ್ತಾರೆ. ಊರಿನ ಹಿರಿಯರ ಮುಖಚಿತ್ರ ತೆಗೆಯುವುದು ನನ್ನ ಆಸೆ. ಈಚೆಗೆ ಕವಲೇದುರ್ಗ, ಅಡಿಕೆ ತೋಟ, ಹೊಳೆದಂಡೆಯಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆದುಕೊಡಿ ಎಂದೂ ಕೇಳುತ್ತಿದ್ದಾರೆ. 18–55ರಲ್ಲಿ ಮೂಗು ದಪ್ಪ ಬರುತ್ತದೆ, ಹಿಂಬದಿ ಮಸುಕಾಗುವುದಿಲ್ಲ. ಸ್ಟುಡಿಯೋದವರೊಬ್ಬರು ‘85 ಇಲ್ಲದೆ ಪೋರ್ಟ್ರೇಟ್ ಇಲ್ಲ’ ಅಂದರು. ಇನ್ನೊಬ್ಬರು ‘ನಿನ್ನ ಕ್ಯಾಮೆರಾಕ್ಕೆ 50 ಹಾಕಿದರೆ ಅದೇ 80 ಆಗುತ್ತದೆ’ ಅಂದರು. ಮೂರನೆಯವರು ‘ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ ಕ್ಯಾಮೆರಾ) ತಗೊ’ ಅಂದರು. ಕೈಯಲ್ಲಿರುವುದು 25 ಸಾವಿರ. ಶಿವಮೊಗ್ಗದಲ್ಲಿ ಒಬ್ಬರು ಬಳಸಿದ 85 ಎಂಎಂ ಎಫ್ 1.8 ಯುಎಸ್‌ಎಂ ಲೆನ್ಸನ್ನು 22 ಸಾವಿರಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ತಗೊಳ್ಳಲೇ? ನಮ್ಮ ಮಳೆಗಾಲದಲ್ಲಿ ಅದಕ್ಕೆ ಫಂಗಸ್ ಹಿಡಿದರೆ ಏನು ಗತಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ಬೇರೆ ಬೇರೆ ತೊಂದರೆಗಳಿವೆ: ಮೂಗು, ಹಿಂಬದಿ, ತೇವ. ಮೂರಕ್ಕೂ ಒಂದೇ ಲೆನ್ಸ್ ಮದ್ದು ಎಂದು ನಂಬಿಸಿದ್ದಾರೆ, ಅಷ್ಟೆ. ಮೂಗಿನ ತೊಂದರೆಗೆ ಲೆನ್ಸೇ ಬೇಕಾಗಿಲ್ಲ. ಹಿಂಬದಿಯ ತೊಂದರೆ ಅರ್ಧ ಲೆನ್ಸಿನದು, ಅರ್ಧ ನೀವು ಜನರನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದರದು. ಫಂಗಸ್ ಮಾತ್ರ ನೀವು ಅಂದುಕೊಂಡದ್ದಕ್ಕಿಂತ ದೊಡ್ಡ ವಿಷಯ, ಅದಕ್ಕೆ ಹಣ ಎತ್ತಿಡಲೇಬೇಕು. ಹಾಗಾಗಿ ನನ್ನ ಸಲಹೆ: ಈಗ ಹೊಸ ಇಎಫ್ 50 ಎಂಎಂ ಎಫ್ 1.8 ಎಸ್‌ಟಿಎಂ ತೆಗೆದುಕೊಳ್ಳಿ, ಉಳಿದ ಹಣದಲ್ಲಿ ಒಂದು ಪಾಲು ಅದನ್ನು ಒಣಗಿಡಲು ಬಳಸಿ. 85 ಕಾಯಲಿ. ಕಾರಣ ಕೇಳಿದ ಮೇಲೆ ನೀವು ಒಪ್ಪದೆಯೂ ಇರಬಹುದು.

ಮೊದಲು ಮೂಗು. ಮುಖದ ಆಕಾರ ಕೆಡಿಸುವುದು ಲೆನ್ಸಿನ ಎಂಎಂ (ಅದು ಎಷ್ಟು ಹತ್ತಿರಕ್ಕೆ ಎಳೆದು ತೋರಿಸುತ್ತದೆ ಎಂಬ ಸಂಖ್ಯೆ) ಅಲ್ಲ, ನೀವು ನಿಂತ ದೂರ. ಮೂಗಿನ ತುದಿಯಿಂದ ಕಿವಿಯವರೆಗೆ ಸುಮಾರು 12 ಸೆಂ.ಮೀ. ಇದೆ ಎಂದುಕೊಳ್ಳಿ. ನೀವು ಅರ್ಧ ಮೀಟರ್ ದೂರದಿಂದ ತೆಗೆದರೆ ಕಿವಿ ಇರುವುದು 62 ಸೆಂ.ಮೀ. ದೂರದಲ್ಲಿ, ಅಂದರೆ ಕಿವಿಗೆ ಹೋಲಿಸಿದರೆ ಮೂಗು ಕಾಲುಭಾಗದಷ್ಟು ಹಿಗ್ಗಿ ಕಾಣುತ್ತದೆ. ಎರಡು ಮೀಟರ್ ಹಿಂದೆ ಹೋದರೆ ಆ ಹಿಗ್ಗು ನೂರಕ್ಕೆ ಆರರಷ್ಟು ಮಾತ್ರ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. 18–55 ಹಾಕಿದವರು ಸಾಮಾನ್ಯವಾಗಿ 24ರಲ್ಲೋ 35ರಲ್ಲೋ ಇಟ್ಟುಕೊಂಡು, ಮುಖ ಚಿಕ್ಕದಾಯಿತೆಂದು ಮುಂದೆ ಮುಂದೆ ಹೋಗುತ್ತಾರೆ. ಎಡವಟ್ಟಾಗುವುದು ಅಲ್ಲಿ. ಇವತ್ತೇ 55ಕ್ಕೆ ತಿರುಗಿಸಿ, ಒಂದೂವರೆ ಮೀಟರ್ ದೂರ ನಿಂತು, ಕ್ಯಾಮೆರಾ ಉದ್ದುದ್ದ (ನಿಲುವಾಗಿ) ಹಿಡಿದು ಯಾರನ್ನಾದರೂ ತೆಗೆದು ನೋಡಿ. ಮೂಗು ಸರಿಯಾಗಿಯೇ ಇರುತ್ತದೆ. ಖರ್ಚಿಲ್ಲ.

ತೀರಾ ದೂರ ಹೋದರೂ ಲಾಭವಿಲ್ಲ. ಆರೇಳು ಮೀಟರಿನಿಂದ 250 ಎಂಎಂನಲ್ಲಿ ತೆಗೆದ ಮುಖ ಚಪ್ಪಟೆಯಾಗುತ್ತದೆ. ಕೋಲುಮುಖದವರಿಗೆ ಅದು ಒಪ್ಪಬಹುದು, ದುಂಡುಮುಖದವರು ಇನ್ನಷ್ಟು ದುಂಡಗೆ ಕಾಣುತ್ತಾರೆ. ಮೇಲಾಗಿ ಕಿವಿ ಮಂದವಾದ ಅಜ್ಜಿಯನ್ನು ಅಷ್ಟು ದೂರದಿಂದ ಕೂಗಿ ಕೂಗಿ ನಗಿಸಲು ಹೋದರೆ ನಗು ಬರುವುದಿಲ್ಲ, ಗಾಬರಿ ಬರುತ್ತದೆ. ಮುಖಚಿತ್ರಕ್ಕೆ ಒಂದೂವರೆಯಿಂದ ಎರಡೂವರೆ ಮೀಟರ್ ಹದವಾದ ದೂರ. ಮಾತಾಡುತ್ತಲೂ ಇರಬಹುದು, ಮುಖವೂ ಕೆಡುವುದಿಲ್ಲ.

‘50 ಹಾಕಿದರೆ 80 ಆಗುತ್ತದೆ’ ಎನ್ನುವುದು ಅರ್ಧ ನಿಜ. ನಿಮ್ಮ ಕ್ಯಾಮೆರಾದ ಸೆನ್ಸರ್ (ಒಳಗೆ ಚಿತ್ರ ಹಿಡಿಯುವ ಫಲಕ) 22.3 ಗುಣಿಲೆ 14.9 ಮಿ.ಮೀ., ಫುಲ್ ಫ್ರೇಮಿನದು 36 ಗುಣಿಲೆ 24. ಚಿಕ್ಕ ಸೆನ್ಸರ್ ಚಿತ್ರದ ನಡುಭಾಗವನ್ನಷ್ಟೇ ಹಿಡಿಯುವುದರಿಂದ 50ರ ನೋಟ ಅಲ್ಲಿಯ 80ರ ನೋಟದಷ್ಟು ಕಿರಿದಾಗುತ್ತದೆ. ನೋಟದ ಅಗಲ ಮಾತ್ರ. ಲೆನ್ಸ್ 50 ಆಗಿಯೇ ಉಳಿಯುತ್ತದೆ, ಅದು ಕೊಡುವ ಮಸುಕೂ 50ರದ್ದೇ. ಇದೇ ಲೆಕ್ಕದಲ್ಲಿ 85 ನಿಮ್ಮ ಕ್ಯಾಮೆರಾದಲ್ಲಿ 136ರ ನೋಟ ಕೊಡುತ್ತದೆ. ‘85 ಇಲ್ಲದೆ ಪೋರ್ಟ್ರೇಟ್ ಇಲ್ಲ’ ಎಂಬ ಮಾತು ಹುಟ್ಟಿದ್ದು 36 ಗುಣಿಲೆ 24ರ ಫಿಲ್ಮಿನ ಕಾಲದಲ್ಲಿ. ಅದನ್ನು ಹಾಗೆಯೇ ಎತ್ತಿ ನಿಮ್ಮ ಕ್ಯಾಮೆರಾದ ಮೇಲೆ ಕೂರಿಸಲಾಗದು. ಫುಲ್ ಫ್ರೇಮ್ ತಗೊ ಅಂದವರಿಗೆ ನಿಮ್ಮ 25 ಸಾವಿರದ ಮಾತು ಕೇಳಿಸಿಲ್ಲ ಅನ್ನಿಸುತ್ತದೆ, ಆ ದಾರಿ ಈಗ ಬಿಡಿ.

ಇನ್ನು ಜಾಗದ ಲೆಕ್ಕ. ಲೆನ್ಸ್ ಆಯ್ಕೆಯಲ್ಲಿ ನಿಜವಾಗಿ ತೀರ್ಪು ಕೊಡುವುದು ಇದೇ. ಕ್ಯಾಮೆರಾ ಉದ್ದುದ್ದ ಹಿಡಿದು ತಲೆಯಿಂದ ಎದೆಯವರೆಗೆ, ಅಂದರೆ ಸುಮಾರು 60 ಸೆಂ.ಮೀ. ಎತ್ತರ ಚೌಕಟ್ಟಿನಲ್ಲಿ ತುಂಬಬೇಕಾದರೆ 50ಕ್ಕೆ 1.4 ಮೀಟರ್ ಬೇಕು, 85ಕ್ಕೆ 2.4 ಮೀಟರ್. ಸೊಂಟದವರೆಗೆ ಒಂದು ಮೀಟರ್ ತುಂಬಲು 50ಕ್ಕೆ 2.3, 85ಕ್ಕೆ 3.9. ತಲೆಯಿಂದ ಕಾಲಿನವರೆಗೆ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು ಎರಡು ಮೀಟರ್ ತುಂಬಲು 50ಕ್ಕೆ ನಾಲ್ಕೂವರೆ, 85ಕ್ಕೆ ಏಳೂವರೆ ಮೀಟರಿಗಿಂತ ಹೆಚ್ಚು.

ಈಗ ಟೇಪು ಹಿಡಿದು ನಿಮ್ಮ ಜಗಲಿ ಅಳೆಯಿರಿ. ಮಲೆನಾಡಿನ ಹಳೆಯ ಮನೆಗಳ ಜಗಲಿಯ ಅಗಲ ಆರು, ಏಳು, ಹೆಚ್ಚೆಂದರೆ ಎಂಟು ಅಡಿ. ಎರಡೂವರೆ ಮೀಟರ್ ದಾಟುವುದು ಅಪರೂಪ. ಕಂಬಕ್ಕೆ ಒರಗಿ ಕೂತವರನ್ನು ಎದುರಿನ ಗೋಡೆಗೆ ಬೆನ್ನು ಹಚ್ಚಿ 85ರಲ್ಲಿ ತೆಗೆಯಲು ಹೊರಟರೆ ಮುಖ, ಹೆಗಲು ಬಿಟ್ಟು ಬೇರೇನೂ ಸಿಗುವುದಿಲ್ಲ. ಮಡಿಲಲ್ಲಿಟ್ಟ ಕೈ ಸಿಗುವುದಿಲ್ಲ, ಹಿರಿಯರ ಚಿತ್ರದಲ್ಲಿ ಅರ್ಧ ಕಥೆ ಹೇಳುವುದು ಆ ಕೈಗಳೇ. 50 ಆದರೆ ಇಲ್ಲಿ ಆರಾಮ. ನಾಮಕರಣದ ದಿನ ತೊಟ್ಟಿಲ ಸುತ್ತ ನೆಂಟರು ತುಂಬಿರುವಾಗಲಂತೂ 85 ಚೀಲದಿಂದ ಹೊರಗೇ ಬರುವುದಿಲ್ಲ. ತೊಟ್ಟಿಮನೆಯಾದರೆ ಇನ್ನೊಂದು ದಾರಿ ಇದೆ: ಅವರನ್ನು ತೊಟ್ಟಿಯತ್ತ ಮುಖ ಮಾಡಿ ಜಗಲಿಯಲ್ಲಿ ಕೂರಿಸಿ, ನೀವು ತೊಟ್ಟಿಯ ಆಚೆ ಬದಿಯಿಂದ ತೆಗೆಯಿರಿ. ಮೇಲಿನಿಂದ ಇಳಿಯುವ ಆಕಾಶದ ಬೆಳಕು ಮುಖಕ್ಕೆ ಮೆತ್ತಗೆ ಬೀಳುತ್ತದೆ, ದೂರವೂ ಸಿಗುತ್ತದೆ.

ತೋಟದಲ್ಲಿ ಲೆಕ್ಕ ಸುಲಭ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆಯಾದರೆ ಒಂದು ಸಾಲಿಗೆ 2.7 ಮೀಟರ್. ಸೊಂಟದವರೆಗಿನ ಚಿತ್ರಕ್ಕೆ 85 ಹಿಡಿದವರು ಒಂದೂವರೆ ಸಾಲು ಹಿಂದಿರಬೇಕು, ಪೂರ್ತಿ ಆಳಿಗೆ ಸುಮಾರು ಮೂರು ಸಾಲು. ಅಡ್ಡಡ್ಡ ನಿಂತರೆ ನಡುವೆ ಮರ ಬರುತ್ತದೆ, ಬಸಿಗಾಲುವೆಯ ಉದ್ದಕ್ಕೆ ನಿಂತರೆ ಬರುವುದಿಲ್ಲ. ಹಿಂದೆ ಸರಿಯುವಾಗ ಕಾಲುವೆ ನೋಡಿಕೊಳ್ಳಿ ಮಾರಾಯ್ರೆ, ವ್ಯೂಫೈಂಡರಿಗೆ ಕಣ್ಣಿಟ್ಟವರಿಗೆ ಅದು ಕಾಣುವುದಿಲ್ಲ.

ಹಿಂಬದಿ ಮಸುಕಾಗುವುದರ ಲೆಕ್ಕ ಸ್ವಲ್ಪ ಬೇರೆ. ಎಂಎಂ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿ. ಬರುವುದು ಲೆನ್ಸಿನ ಬಾಯಿಯ ಅಗಲ. 50 ಎಫ್ 1.8ಕ್ಕೆ 28 ಮಿ.ಮೀ., 85 ಎಫ್ 1.8ಕ್ಕೆ 47. ಬಹಳ ದೂರದ ಒಂದು ಬೆಳಕಿನ ಚುಕ್ಕೆ ಚಿತ್ರದಲ್ಲಿ ಮುಖದ ಪಕ್ಕದಲ್ಲೇ ಇಟ್ಟ ಅಷ್ಟೇ ಅಗಲದ ಬಿಲ್ಲೆಯಂತೆ ಕಾಣುತ್ತದೆ. ನಿಮ್ಮ 18–55, 55ರಲ್ಲಿ ಎಫ್ 5.6ಕ್ಕೆ ಕೊಡುವುದು ಬರೀ 10 ಮಿ.ಮೀ. ನಿಮ್ಮ ದೂರು ಸರಿಯೇ. ಆದರೆ ಚೀಲದಲ್ಲಿರುವ ಇನ್ನೊಂದು ಲೆನ್ಸಿನ ಲೆಕ್ಕ ಮಾಡಿದ್ದೀರಾ? 55–250ನ್ನು 200ರಲ್ಲಿ ಎಫ್ 5.6ಕ್ಕೆ ಇಟ್ಟರೆ 36 ಮಿ.ಮೀ., 250ರಲ್ಲಿ 45. ಅಂದರೆ ಬಯಲಿನಲ್ಲಿ, ಹಿಂಬದಿ ದೂರವಿದ್ದಾಗ, 22 ಸಾವಿರದ 85 ಕೊಡುವ ಮಸುಕಿಗೆ ಹತ್ತಿರದ ಮಸುಕು ನಿಮ್ಮ ಕೈಯಲ್ಲಿ ಈಗಾಗಲೇ ಇದೆ. ಎದೆಯವರೆಗಿನ ಚಿತ್ರಕ್ಕೆ 200ರಲ್ಲಿ ಐದೂವರೆ ಮೀಟರ್, ತೋಟದ ಎರಡು ಸಾಲು, ದೂರ ಬೇಕು. ಮುಖ ತುಸು ಚಪ್ಪಟೆಯಾದೀತು, ಬೆಳಕು ಚೆನ್ನಾಗಿರಬೇಕು. ಕವಲೇದುರ್ಗದ ಬಯಲಿನಲ್ಲಿ, ಹೊಳೆಯ ಮರಳಿನ ಮೇಲೆ ಮೋಡದ ಬೆಳಗಿನಲ್ಲಿ ಇದಕ್ಕೆ ಅಡ್ಡಿಯಿಲ್ಲ.

ಇನ್ನೂ ಮುಖ್ಯವಾದುದು ಬೆನ್ನ ಹಿಂದಿನ ಜಾಗ. ಗೋಡೆ ಅರ್ಧ ಮೀಟರ್ ಹಿಂದಿದ್ದರೆ ಎದೆಯವರೆಗಿನ ಚಿತ್ರದಲ್ಲಿ 50ರ ಬಿಲ್ಲೆ 7 ಮಿ.ಮೀ., 85ರದು 8. ವ್ಯತ್ಯಾಸ ಯಾರಿಗೂ ಕಾಣುವುದಿಲ್ಲ. ಅದೇ ಗೋಡೆ ಮೂರು ಮೀಟರ್ ಹಿಂದಾದರೆ 50ಕ್ಕೆ 19, 85ಕ್ಕೆ 26, 18–55ಕ್ಕೆ ಆರೂವರೆ. ಗೋಡೆಗೆ ಒರಗಿಸಿ ನಿಲ್ಲಿಸಿ ‘ಲೆನ್ಸ್ ಮಸುಕು ಕೊಡುತ್ತಿಲ್ಲ’ ಅನ್ನುವವರು ಯಾವ ಲೆನ್ಸ್ ಕೊಂಡರೂ ಅದನ್ನೇ ಹೇಳುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಕರೆಯಿರಿ.

ಹಾಗಾದರೆ 50 ಯಾಕೆ ಬೇಕು? ಬೆಳಕಿಗಾಗಿ. ಜುಲೈ ತಿಂಗಳ ಮಧ್ಯಾಹ್ನ ಹೆಂಚಿನ ಮನೆಯೊಳಗೆ, ಗಾಜಿನ ಹೆಂಚೊಂದರಿಂದ ಬೀಳುವ ಬೆಳಕಿನಲ್ಲಿ ಎಫ್ 5.6, 1/125 ಸೆಕೆಂಡಿಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400 ಕೇಳುವ ಜಾಗ, ಎಫ್ 1.8ರಲ್ಲಿ 640–800ಕ್ಕೆ ಇಳಿಯುತ್ತದೆ. ಚರ್ಮದ ಬಣ್ಣ, ಸೀರೆಯ ಅಂಚಿನ ನವಿರು ಉಳಿಯುವುದೂ ಕಾಳುಕಾಳಾಗುವುದೂ ಈ ವ್ಯತ್ಯಾಸದಲ್ಲಿ. 18–55ರಲ್ಲಿ ಇರುವ ಐಎಸ್ ನಿಮ್ಮ ಕೈ ನಡುಕ ತಡೆಯುತ್ತದೆ, ತಲೆ ಅಲ್ಲಾಡಿಸುವ ಮಗುವನ್ನು ತಡೆಯುವುದಿಲ್ಲ. 50ರಲ್ಲಿ ಐಎಸ್ ಇಲ್ಲ, ನಿಮ್ಮ ಕ್ಯಾಮೆರಾದೊಳಗೂ ಇಲ್ಲ. ಶಟರ್ 1/125ಕ್ಕಿಂತ ಕೆಳಗೆ ಇಳಿಸಬೇಡಿ. 85 ಆದರೆ 1/160.

ಎಫ್ 1.8ರಲ್ಲಿ ಒಂದು ಹೊಂಡವೂ ಇದೆ, ಹೊಸಬರೆಲ್ಲ ಬೀಳುವುದು ಅದಕ್ಕೇ. 1.4 ಮೀಟರಿನಲ್ಲಿ ಸ್ಪಷ್ಟವಾಗಿ ಬರುವ ಆಳ ಐದು ಸೆಂ.ಮೀ. ಮಾತ್ರ. ಕಣ್ಣು ಚೂಪಾಗಿದ್ದರೆ ಕಿವಿ ಇಲ್ಲ. ಮೂಗಿನ ಮೇಲೆ ಫೋಕಸ್ ಕೂತರೆ ಕಣ್ಣು ಇಲ್ಲ. ತಮಾಷೆಯೆಂದರೆ ಎದೆಯವರೆಗಿನ ಚಿತ್ರಕ್ಕೆ 85 ಎಫ್ 1.8 ಕೂಡ ಕೊಡುವುದು ಅದೇ ಐದು ಸೆಂ.ಮೀ. ಹಾಗಾಗಿ ಒಬ್ಬರಿದ್ದರೆ ಎಫ್ 2.2ರಿಂದ 2.8 ಇಡಿ, ಲೆನ್ಸೂ ಅಲ್ಲಿ ಹೆಚ್ಚು ಚೂಪು. ಜೋಡಿಯಿದ್ದರೆ ಎಫ್ 4. ಸೊಂಟದವರೆಗಿನ ಚಿತ್ರಕ್ಕೆ ಆಗ 30 ಸೆಂ.ಮೀ. ಆಳ ಸಿಗುತ್ತದೆ, ಒಬ್ಬರ ಹೆಗಲ ಹಿಂದೆ ಇನ್ನೊಬ್ಬರ ಮುಖ ಬಂದರೂ ತೊಂದರೆಯಿಲ್ಲ.

ಫೋಕಸನ್ನು ನಡುವಿನ ಚುಕ್ಕೆಯಲ್ಲಿ ಹಿಡಿದು ಆಮೇಲೆ ಕ್ಯಾಮೆರಾ ಓರೆ ಮಾಡುವ ಅಭ್ಯಾಸ ಬಿಡಿ; ಆ ಓರೆಯಲ್ಲೇ ಐದು ಸೆಂ.ಮೀ.ಯಲ್ಲಿ ಒಂದೆರಡು ಕಳೆದುಹೋಗುತ್ತದೆ. ನಿಮ್ಮ ಕ್ಯಾಮೆರಾದ ವ್ಯೂಫೈಂಡರಿನಲ್ಲಿ ಇರುವುದು ಒಂಬತ್ತೇ ಚುಕ್ಕೆ, ಮತ್ತು ಲೆನ್ಸ್ ಫೋಕಸ್ ಹಿಂದೆ ಮುಂದೆ ಕೂರುತ್ತಿದ್ದರೆ ಸರಿಪಡಿಸುವ ಹೊಂದಾಣಿಕೆ ಮೆನುವಿನಲ್ಲಿ ಇಲ್ಲ. ಲೈವ್ ವ್ಯೂಗೆ (ಹಿಂದಿನ ಪರದೆ ನೋಡಿ ತೆಗೆಯುವ ವಿಧಾನ) ಹೋಗಿ, ಮುಖ ಗುರುತಿಸುವ ಆಯ್ಕೆಯಲ್ಲಿ ಕಣ್ಣು ಹಿಡಿಯುವುದನ್ನು ಆನ್ ಮಾಡಿ. ಅಲ್ಲಿ ಫೋಕಸ್ ನಡೆಯುವುದು ಸೆನ್ಸರಿನ ಮೇಲೆಯೇ, ಆದ್ದರಿಂದ ಆ ಹಿಂದು ಮುಂದಿನ ದೋಷ ಬರುವುದಿಲ್ಲ. ಪರದೆ ನೋಡಿ ಫೋಟೊ ತೆಗೆಯುವವರು ಕಲಿಯದವರು ಎಂಬ ಮಾತಿಗೆ ಕಿವಿಗೊಡಬೇಡಿ.

ಅಡಿಕೆ ತೋಟದ ಬಗ್ಗೆ ಒಂದು ಎಚ್ಚರ, ಇದು ಯಾವ ಲೆನ್ಸಿಗೂ ಬಗ್ಗದು. ಸುತ್ತಲಿನ ಎಲೆಗಳಿಂದ ಹಾಯ್ದು ಬರುವ ಬೆಳಕು ಮುಖಕ್ಕೆ ಹಸಿರು ಬಳಿಯುತ್ತದೆ, ಅದರಲ್ಲೂ ಗದ್ದದ ಕೆಳಗೆ. ಸ್ಥಳದಲ್ಲೇ ಬೂದು ಕಾರ್ಡು ಹಿಡಿಸಿ ಒಂದು ಚಿತ್ರ ತೆಗೆದು ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಇಟ್ಟುಕೊಳ್ಳಿ, ರಾ ಫೈಲಿನಲ್ಲಿ (ಆಮೇಲೆ ತಿದ್ದಲು ಅನುಕೂಲವಾದ ಮೂಲ ಕಡತ) ತೆಗೆಯಿರಿ, ಆಮೇಲೆ ಸಾಫ್ಟ್‌ವೇರಿನಲ್ಲಿ ಟಿಂಟನ್ನು ಸ್ವಲ್ಪ ಮೆಜೆಂಟಾ (ಹಸಿರಿಗೆ ಎದುರು ಬಣ್ಣ) ಕಡೆಗೆ ಸರಿಸಿ. ಇಡೀ ಚಿತ್ರದ ಹಸಿರು ತೆಗೆದರೆ ತೋಟವೇ ಸತ್ತಂತೆ ಕಾಣುತ್ತದೆ; ಚರ್ಮದ ಮೇಲೆ ಮಾತ್ರ ಬ್ರಷ್ ಆಡಿಸಿ. ಇನ್ನೂ ಒಳ್ಳೆಯದು, ತೋಟದ ಅಂಚಿಗೆ ತಂದು, ಬಯಲಿನ ಕಡೆ ಮುಖ ಮಾಡಿ ನಿಲ್ಲಿಸುವುದು. ಸೋಗೆಗಳ ನಡುವೆ ಇಣುಕುವ ಆಕಾಶ ಎಫ್ 1.8ರಲ್ಲಿ ನೂರಾರು ಬಿಳಿ ಬಿಲ್ಲೆಗಳಾಗಿ, ಅಂಚಿನಲ್ಲಿ ನೇರಳೆ ಗೆರೆಯಾಗಿ ಕಣ್ಣು ಸೆಳೆಯುತ್ತದೆ. 85 ಎಫ್ 1.8 ಯುಎಸ್‌ಎಂನಲ್ಲಿ ಈ ನೇರಳೆ ತುಸು ಜಾಸ್ತಿಯೇ. ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಹಿಡಿದರೆ ಆಕಾಶ ಚೌಕಟ್ಟಿನಿಂದ ಹೊರಗುಳಿಯುತ್ತದೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರನ್ನು ತೆಗೆಯುವಾಗ ಚಪ್ಪರದ ಕೆಳಗಿನ ಚುಕ್ಕಿಬಿಸಿಲೂ ಇಂಥದ್ದೇ: ಹಣೆಯ ಮೇಲೆ ಬಿದ್ದ ಒಂದು ಬಿಳಿ ಚುಕ್ಕೆಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಚೆಂದವಾಗಿ ಅಳಿಸದು.

ಈಗ ಆ 22 ಸಾವಿರದ 85. ಅದು ಕೆಟ್ಟ ಲೆನ್ಸಲ್ಲ. 1992ರಿಂದ ಬಂದಿರುವ ಗಟ್ಟಿ ಲೆನ್ಸು, ಫೋಕಸ್ ಚುರುಕು, ತೂಕ 425 ಗ್ರಾಂ. ನಿಮ್ಮ ಕೆಲಸದ ಮುಕ್ಕಾಲು ಪಾಲು ಬಯಲಿನ ಜೋಡಿ ಚಿತ್ರಗಳೇ ಆಗುವುದಾದರೆ ಅದನ್ನೇ ಕೊಳ್ಳಿ ಎನ್ನಲೂ ನನಗೆ ಅಡ್ಡಿಯಿಲ್ಲ. ಆದರೆ ನೋಡದೆ ದುಡ್ಡು ಕೊಡಬೇಡಿ. ನಿಮ್ಮ ಕ್ಯಾಮೆರಾ, ಟ್ರೈಪಾಡ್, ಒಂದು ದಿನಪತ್ರಿಕೆ ತೆಗೆದುಕೊಂಡು ಹೋಗಿ. ಇಎಫ್ ಲೆನ್ಸಿನ ಅಪರ್ಚರ್ (ಬೆಳಕು ಹಾಯುವ ಬಾಯಿ) ಕ್ಯಾಮೆರಾದಿಂದ ಬಿಚ್ಚಿದಾಗ ಪೂರ್ತಿ ತೆರೆದೇ ಇರುತ್ತದೆ. ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಬಿಡಿ ಬಿಡಿ ಚುಕ್ಕೆಗಳಿದ್ದರೆ ದೂಳು, ಅದಕ್ಕೆ ಹೆದರಬೇಡಿ. ಜೇಡನ ಎಳೆಯಂತೆ ಕವಲೊಡೆದಿದ್ದರೆ ಫಂಗಸ್. ಉಸಿರು ಬಿಟ್ಟ ಹಾಗೆ ಮಂಜು ಕಂಡರೆ ಒಳಗೆ ಎಣ್ಣೆಯ ಆವಿ ಕೂತಿದೆ. ಎದುರು ಬೆಳಕಿನ ಚಿತ್ರಗಳೆಲ್ಲ ಸಪ್ಪೆಯಾಗುತ್ತವೆ. ಎಫ್ 8, ಎರಡು ಸೆಕೆಂಡ್ ಇಟ್ಟು ಶಟರ್ ಒತ್ತಿ, ಮುಂದಿನಿಂದ ಅಪರ್ಚರ್ ಮುಚ್ಚುವ ಬ್ಲೇಡುಗಳನ್ನು ನೋಡಿ: ಎಣ್ಣೆಯ ಹೊಳಪು ಇರಬಾರದು, ಮುಚ್ಚುವುದು ತಡವಾಗಬಾರದು. ಪತ್ರಿಕೆಯನ್ನು ಎರಡೂವರೆ ಮೀಟರ್ ದೂರದಲ್ಲಿ ಓರೆಯಾಗಿ ನಿಲ್ಲಿಸಿ, ಎಫ್ 1.8ರಲ್ಲಿ ವ್ಯೂಫೈಂಡರಿನಿಂದ ಐದಾರು, ಲೈವ್ ವ್ಯೂನಿಂದ ಐದಾರು ತೆಗೆಯಿರಿ. ಎರಡರಲ್ಲೂ ಒಂದೇ ಸಾಲು ಚೂಪಾಗಿರಬೇಕು. ಕೊನೆಗೆ ಒಂದು ಸಪಾಟು ಗೋಡೆಯನ್ನು ಎಫ್ 2.8ರಲ್ಲಿ ತೆಗೆದು ಎಡ ಬಲದ ಅಂಚು ಹೋಲಿಸಿ. ಒಂದು ಬದಿ ಮಾತ್ರ ಮಸುಕಾಗಿದ್ದರೆ, ಫಿಲ್ಟರ್ ಉಂಗುರ ನಗ್ಗಿದ್ದರೆ, ಲೆನ್ಸ್ ಬಿದ್ದಿದೆ. ಫಂಗಸ್ ಎಳೆ ಕಂಡರೆ ‘ಕ್ಲೀನ್ ಮಾಡಿಸಿದರಾಯಿತು’ ಎಂಬ ಮಾತಿಗೆ ಸಿಗಬೇಡಿ. ಎಳೆ ಒರೆಸಬಹುದು, ಅದು ಗಾಜಿನ ಲೇಪ ತಿಂದ ಗುರುತು ಹೋಗುವುದಿಲ್ಲ.

ಬಳಸಿದ 50 ನೋಡುವುದಾದರೂ ಎಸ್‌ಟಿಎಂ ಎಂದು ಬರೆದಿರಲಿ. 2015ಕ್ಕೆ ಮುಂಚಿನ 50 ಎಫ್ 1.8 ಮಾರ್ಕ್ 2ಕ್ಕೆ ಪ್ಲಾಸ್ಟಿಕ್ ಮೌಂಟು (ಕ್ಯಾಮೆರಾಕ್ಕೆ ಕೂರುವ ಭಾಗ), ಐದೇ ಬ್ಲೇಡು, ಗರಗರ ಸದ್ದು. ಎಸ್‌ಟಿಎಂಗೆ ಲೋಹದ ಮೌಂಟು, ಏಳು ಬ್ಲೇಡು, 35 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ, 160 ಗ್ರಾಂ ಅಷ್ಟೆ. ಇದರ ದುರ್ಬಲ ಜಾಗ ಫೋಕಸ್ ಮಾಡುವಾಗ ಮುಂದೆ ಬರುವ ಕೊಳವೆ. ಅದಕ್ಕೆ ಪೆಟ್ಟು ಬಿದ್ದರೆ ಫೋಕಸ್ ಸಿಕ್ಕಿಕೊಳ್ಳುತ್ತದೆ. ಹುಡ್ (ಲೆನ್ಸಿನ ಮುಂದೆ ಹಾಕುವ ಮರೆ) ಸದಾ ಹಾಕಿರಿ. ಜಿಟಿಜಿಟಿ ಮಳೆಯಲ್ಲಿ ಗಾಜಿನ ಮೇಲೆ ಹನಿ ಬೀಳುವುದನ್ನೂ ಅದು ತಡೆಯುತ್ತದೆ.

ಫಂಗಸ್‌ನ ಬೀಜಕಣಗಳು ಎಲ್ಲೆಡೆ ಇವೆ. ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಹತ್ತುತ್ತದೆ ಎಂಬ ಭಯಕ್ಕಿಂತ ತೇವದ ಭಯ ಇರಲಿ. ಗಾಳಿಯ ತೇವಾಂಶ ಶೇ 65–70 ದಾಟಿ ದಿನಗಟ್ಟಲೆ ನಿಂತರೆ ಅದು ಚಿಗುರುತ್ತದೆ, ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೇ ಶೇ 80ರ ಮೇಲಿರುತ್ತದೆ. ಯುವಿ ಫಿಲ್ಟರ್ ಇದನ್ನು ತಡೆಯುವುದಿಲ್ಲ. ಅಕ್ಕಿ ಡಬ್ಬದಲ್ಲಿಟ್ಟರೆ ಹೊಟ್ಟಿನ ದೂಳು ಸೇರುತ್ತದೆ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಮರದ ಬೀರುವಿನಲ್ಲಿ ಕ್ಯಾಮೆರಾ ಚೀಲದೊಳಗೇ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಚೀಲದ ಸ್ಪಂಜು ತೇವ ಹೀರಿ ಹಿಡಿದುಕೊಂಡಿರುತ್ತದೆ.

ರಬ್ಬರ್ ಅಂಚಿನ ಗಾಳಿ ಹೋಗದ ಹತ್ತು ಲೀಟರ್ ಡಬ್ಬ, ಒಳಗೆ ತೇವಾಂಶ ತೋರಿಸುವ ಒಂದು ಚಿಕ್ಕ ಹೈಗ್ರೋಮೀಟರ್, ಕಾಲು ಕೆ.ಜಿ. ಸಿಲಿಕಾ ಜೆಲ್ (ತೇವ ಹೀರುವ ಹರಳು) ಇದ್ದರೆ ಸಾಕು. ಮುಳ್ಳು ಶೇ 40ರಿಂದ 50ರ ನಡುವೆ ನಿಲ್ಲಬೇಕು. ಶೇ 30ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಇಡುವುದೂ ಬೇಡ, ಒಳಗಿನ ಗ್ರೀಸಿಗೆ ಒಳ್ಳೆಯದಲ್ಲ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ತೇವ ಕುಡಿದು ಹಸಿರಾದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಬಿಸಿ ಮಾಡಿ, ಆರಿದ ಮೇಲೆ ಹಾಕಿ. ನೀಲಿಯದು ಬೇಡ, ಅದರಲ್ಲಿ ಕೋಬಾಲ್ಟ್ ಲವಣವಿರುತ್ತದೆ. ಮಳೆಯಲ್ಲಿ ತಿರುಗಿ ಬಂದ ದಿನ ಲೆನ್ಸನ್ನು ಒರೆಸಿ, ಒಂದೆರಡು ಗಂಟೆ ಫ್ಯಾನಿನ ಕೆಳಗಿಟ್ಟು, ಆಮೇಲೆ ಡಬ್ಬಕ್ಕೆ ಹಾಕಿ. ಎಸಿ ಕಾರಿನಿಂದ ಆಗುಂಬೆಯ ಮಂಜಿಗೆ ಇಳಿದಾಗ ಚೀಲ ತಕ್ಷಣ ತೆರೆಯಬೇಡಿ, ಇಪ್ಪತ್ತು ನಿಮಿಷ ಬಿಡಿ. ಇಲ್ಲವಾದರೆ ತಣ್ಣಗಿನ ಗಾಜಿನ ಮೇಲೆ ನೀರು ಕೂರುತ್ತದೆ.

ಅಂಗಡಿಯಲ್ಲಿ ಒಂದು ವಿಷಯ ನೋಡಿಕೊಳ್ಳಿ. ಕ್ಯಾನನ್‌ನ ಆರ್ ಸರಣಿಯ ಮಿರರ್‌ಲೆಸ್ ಕ್ಯಾಮೆರಾಗಳಿಗೆಂದೇ ಇರುವ ಆರ್‌ಎಫ್ 50 ಎಂಎಂ ಎಫ್ 1.8 ಕೂಡ ಹೆಚ್ಚುಕಡಿಮೆ ಅದೇ ಗಾತ್ರ, ಪಕ್ಕದಲ್ಲೇ ಇಟ್ಟಿರುತ್ತಾರೆ. ಅದು ನಿಮ್ಮ 200ಡಿಗೆ ಕೂರುವುದೇ ಇಲ್ಲ, ಕೂರಿಸುವ ಅಡಾಪ್ಟರೂ ಇಲ್ಲ. ಡಬ್ಬದ ಮೇಲೆ ಇಎಫ್ ಎಂದಿರಬೇಕು. ಮುಂದೆ ನೀವು ಕ್ಯಾನನ್‌ನ ಆರ್ ಸರಣಿಯ ಮಿರರ್‌ಲೆಸ್‌ಗೆ ಹೋದರೂ ಇಎಫ್ 50ನ್ನು ಕ್ಯಾನನ್ನಿನದೇ ಅಡಾಪ್ಟರ್ ಹಾಕಿ, ಆಟೋಫೋಕಸ್ ಸಹಿತ ಬಳಸಬಹುದು.